ಒತ್ತಿ ಹಿಡಿದ ಬಟನ್

ಬುಧವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ

ಪ್ರೀತಿಯ ದರ್ಜಿ ಅಕ್ಕನಿಗೆ, ನಿಮ್ಮ ಗುಬ್ಬಿಯ ನಮಸ್ಕಾರ.

ಮೂರು ವರ್ಷ ಸುದ್ದಿಯೇ ಇಲ್ಲದವಳು ಈಗೇಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಎದುರಿಗೆ ಬಂದು ಹೇಳಲು ನನಗೆ ಮುಖವಿಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನೀಗ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಇದ್ದೇನೆ. ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ಮಡಿಸುತ್ತೇನೆ. ಹೋದ ವಾರ ಮನೆ ಬದಲಾಯಿಸುವಾಗ ಕಪಾಟಿನ ಮೇಲಿಂದ, ಹ್ಯಾಮ್ ರೇಡಿಯೋ ಕಲಿಸುವಾಗ ನೀವು ಮಾಡಿಕೊಟ್ಟ ಆಂಟೆನಾ ಬಿತ್ತು. ಬಡಗಿಯ ಸ್ಟೀಲ್ ಅಳತೆ ಟೇಪನ್ನು ತುಂಡು ಮಾಡಿ ಕೋಲಿಗೆ ಕಟ್ಟಿದ್ದಿರಲ್ಲ, ಅದೇ. "ಬಟ್ಟೆ ಬಿಟ್ಟು ಟೇಪನ್ನೇ ಕತ್ತರಿಸೋ ದರ್ಜಿ ಲೋಕದಲ್ಲಿ ನಾನೊಬ್ಬಳೇ ಕಣೇ" ಎಂದು ನಕ್ಕಿದ್ದಿರಿ. ಎಸೆಯಲು ಮನಸ್ಸಾಗಲಿಲ್ಲ.

ಭಾನುವಾರ ಸಂಜೆ ತಾರಸಿಗೆ ಹೋಗಿ, ಬಟ್ಟೆ ಒಣಗಿಸುವ ಹಗ್ಗಗಳ ನಡುವೆ ನಿಂತು ಅದನ್ನು ನನ್ನ ರೇಡಿಯೋ ಸೆಟ್ಟಿಗೆ ಜೋಡಿಸಿ ಆಕಾಶಕ್ಕೆ ಹಿಡಿದೆ. ಮೊದಲು ಬರೀ ಗೊರಗೊರ. ನಮ್ಮ ಮಾತು ದಾಟಿಸುವ ಉಪಗ್ರಹ ಮೇಲೇರಿದಂತೆ ನಿಮ್ಮ ದನಿ ಬಂತು. ಪರವಾನಗಿಯಲ್ಲಿ ಕೊಟ್ಟ ನಿಮ್ಮ ಸಂಕೇತ ಹೇಳಿದಿರಿ. ಆಮೇಲೆ ನನ್ನದನ್ನೂ ಹೇಳಿ, "ಗುಬ್ಬಿ, ಇದ್ದೀಯೇನೇ?" ಎಂದಿರಿ. ಆಂಟೆನಾ ಹಗ್ಗಕ್ಕೆ ಸಿಕ್ಕಿಕೊಂಡಿತು. ಸೆಟ್ಟನ್ನು ಆರಿಸಿ ಕೆಳಗಿಳಿದು ಬಂದೆ.

ನಿಮಗೆ ರೇಡಿಯೋ ಕಲಿಸಿದ ಗುರುಗಳು, ಹಡಗಿನಲ್ಲಿ ರೇಡಿಯೋ ಕೆಲಸ ಮಾಡಿದ್ದ ತಾತ, ಮಗಳ ಮನೆಗೆ ಹೊರಟ ಸಂಜೆ ನೆನಪಿದೆಯೇ? ಅಲ್ಲಿ ಆಂಟೆನಾ ಹಾಕುವಂತಿರಲಿಲ್ಲ. ಕೊನೆಯ ಸಲ ಉಪಗ್ರಹದ ಮೂಲಕ ಮಾತಾಡಲು ಇಬ್ಬರೂ ಹೊತ್ತು ಗೊತ್ತು ಮಾಡಿಕೊಂಡಿದ್ದಿರಿ. ಆದರೆ ಯಾರೋ ಮಾತೂ ಆಡದೆ, ಮೈಕಿನ ಬಟನ್ನನ್ನೂ ಹೆಚ್ಚು ಹೊತ್ತು ಬಿಡದೆ, ಹನ್ನೊಂದು ನಿಮಿಷ ದಾರಿ ಕಟ್ಟಿ ನಿಂತರು. "ಯಾವ ಕತ್ತೆಯೋ ಮೈಕಿನ ಮೇಲೆ ಕೂತಿತ್ತು" ಎಂದು ಮರುದಿನ ಹೊಲಿಗೆ ಮಷೀನಿನ ಮುಂದೆ ಕೂತು ಬೈದಿರಿ. ಫೋನ್ ಮಾಡಬಹುದಲ್ಲ ಎಂದೆ. "ಫೋನಲ್ಲಿ ಯಾರು ಬೇಕಾದ್ರೂ ಮಾತಾಡ್ತಾರೆ. ನಮ್ಮಿಬ್ಬರದು ಆಕಾಶದ ಪರಿಚಯ" ಎಂದಿರಿ. ಆ ತಿಂಗಳೇ ತಾತ ತೀರಿಕೊಂಡರು.

ಆ ಕತ್ತೆ ನಾನೇ, ಅಕ್ಕ.

ರೇಡಿಯೋ ಪರವಾನಗಿಯ ಪರೀಕ್ಷೆ ಪಾಸಾಗಿದ್ದೆನಲ್ಲ, ಒಬ್ಬಳೇ ಮಾತಾಡಿ ನಿಮ್ಮನ್ನು ಬೆರಗುಗೊಳಿಸಬೇಕೆಂದಿದ್ದೆ. ನಿಮ್ಮ ಹೊತ್ತು ಅದೇ ಎಂದು ಗೊತ್ತಿರಲಿಲ್ಲ. ಬಟನ್ ಒತ್ತಿದೆ. ನಾಲಿಗೆ ಏಳಲಿಲ್ಲ. ಉಪಗ್ರಹವೆಂದರೆ ಇಕ್ಕಟ್ಟಿನ ಬಾಗಿಲು, ಒಬ್ಬರು ನಿಂತರೆ ಇನ್ನೊಬ್ಬರು ದಾಟುವಂತಿಲ್ಲ ಎಂದು ನೀವೇ ಕಲಿಸಿದ್ದಿರಿ. ಬಿಟ್ಟಾಗ ಯಾರ್ಯಾರದೋ ಬೈಗುಳ ಕೇಳಿಸಿತು. ಒತ್ತಿ ಹಿಡಿದರೆ ನನ್ನ ಸೆಟ್ಟಿಗೆ ಏನೂ ಕೇಳಿಸುವುದಿಲ್ಲವಲ್ಲ, ಅದಕ್ಕೇ ಮತ್ತೆ ಒತ್ತಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಆ ಸಂಜೆ ನನ್ನ ಸೆಟ್ಟಿನ ಬ್ಯಾಟರಿ ಸತ್ತಿತ್ತು ಎಂದು ನಿಮಗೆ ಸುಳ್ಳು ಹೇಳಿದೆ. ನಿಮ್ಮ ರೇಡಿಯೋ ಗೆಳೆಯರಲ್ಲಿ ಒಬ್ಬರು ನನ್ನ ಮೇಲೆ ಅನುಮಾನಪಟ್ಟಾಗ, "ನಮ್ಮ ಹುಡುಗಿ ಬಾಯೇ ಬಿಡಲ್ಲ, ಅವಳೇನ್ರೀ ಮಾಡ್ತಾಳೆ?" ಎಂದು ಜಗಳಕ್ಕೇ ನಿಂತಿರಿ. ನಾನು ಪಕ್ಕದಲ್ಲಿ ಕೂತು ಅಂಗಿಗೆ ಕಾಜಾ ಹೊಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ಮರುದಿನದಿಂದ ನಿಮ್ಮ ಅಂಗಡಿಗೆ ಬರಲಿಲ್ಲ.

ಈ ಭಾನುವಾರ ಸಂಜೆ ಐದು ನಲವತ್ತಕ್ಕೆ ಉಪಗ್ರಹ ಮತ್ತೆ ಬರುತ್ತದೆ. ನನ್ನ ಸಂಕೇತವನ್ನು ಒಂದೇ ಸಲ ಹೇಳಿ ಬಟನ್ ಬಿಡುತ್ತೇನೆ. ಏನು ಬಂದರೂ ಕೇಳಿಸಿಕೊಳ್ಳುತ್ತೇನೆ. ಏನೂ ಬರದಿದ್ದರೆ ಅದೂ ಉತ್ತರವೇ.

ತಲೆ ತಗ್ಗಿಸಿ,
ನಿಮ್ಮ ಗುಬ್ಬಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಅಂದು ಕೇಳಿಸಿದ್ದು ಬರೀ ಬೈಗುಳವಲ್ಲ. ಕೊನೆಯ ಸಲ ಬಟನ್ ಬಿಟ್ಟಾಗ, "ಯಾರೇ ಇರಿ, ಎರಡು ನಿಮಿಷ ಬಿಡಿ, ನಮ್ಮ ಗುರುಗಳು ಕಾಯ್ತಿದ್ದಾರೆ" ಎಂಬ ದನಿ ಬಂತು. ಅದು ನಿಮ್ಮದೆಂದು ತಿಳಿಯಿತು. ತಿಳಿದೇ ಮತ್ತೆ ಒತ್ತಿದೆ.