ಅಳಿಸದೆ ಉಳಿದ ಡ್ರಮ್ಮು

ಮಾರ್ಚ್ ೧೨, ಮಂಗಳವಾರ

ದೊಡ್ಡವಳೇ,

ನಿನ್ನ ಎರಡು ಪತ್ರಗಳೂ ಬಂದಿವೆ. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದೆ ಓದು. ಫೋನಿನಲ್ಲಿ ನನಗೆ ಏನೂ ಕೇಳಿಸುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಪ್ರೆಸ್ಸಿನ ಯಂತ್ರಗಳು ನನ್ನ ಕಿವಿ ತಿಂದು ಎಷ್ಟೋ ಕಾಲವಾಯಿತು. ಮೊಣಕಾಲು ಪರವಾಗಿಲ್ಲ, ನೀನು ಕಳಿಸಿದ ಮುಲಾಮು ಹಚ್ಚುತ್ತಿದ್ದೇನೆ. ಆಸ್ಪತ್ರೆಯಲ್ಲಿ ನಿನಗೆ ರಾತ್ರಿ ಪಾಳಿ ತಪ್ಪಿತೆಂದು ಓದಿ ಸಮಾಧಾನವಾಯಿತು. ನರ್ಸಮ್ಮನಿಗೂ ನಿದ್ದೆ ಬೇಕಲ್ಲ.

ನಿನ್ನ ತಂಗಿ ಹೋದ ಮೇಲೆ ನನ್ನ ದಿನಚರಿಯಲ್ಲಿ ಬಿಸಿಲು, ಮೋಡ, ಮೊಣಕಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಮೊನ್ನೆ ಭಾನುವಾರ ಮಾತ್ರ ಒಂದು ಪುಟ ಸಾಲದೆ ಸೋಮವಾರದ ಪುಟವನ್ನೂ ತುಂಬಿಸಿಬಿಟ್ಟೆ. ಅದನ್ನೇ ನಿನಗೆ ಬರೆಯುತ್ತಿದ್ದೇನೆ.

ಅವಳ ಬ್ಯಾಂಡಿನ ಕಾರ್ಯಕ್ರಮಗಳಲ್ಲಿ ಜನ ಫೋನಿನಲ್ಲಿ ತೆಗೆದ ವಿಡಿಯೋಗಳನ್ನು ನೀನೂ ನೋಡಿದ್ದೀಯ. ಎಲ್ಲದರಲ್ಲೂ ಹಾಡುಗಾರನೇ. ಹಿಂದೆ ಡ್ರಮ್ಮಿನ ದೊಡ್ಡ ಹಿತ್ತಾಳೆ ತಟ್ಟೆಗಳ ಮರೆಯಲ್ಲಿ ಒಂದು ಜುಟ್ಟು ಕುಣಿಯುತ್ತದೆ, ನಮ್ಮ ಚಿಕ್ಕವಳೆಂದರೆ ಅಷ್ಟೇ. ಅದರ ಸದ್ದಂತೂ ನನ್ನ ಕಿವಿಗೆ ಸೊಳ್ಳೆ ಗುಯ್ಗುಟ್ಟಿದ ಹಾಗೆ. ಅದಕ್ಕೇ ಒಂದು ಮಧ್ಯಾಹ್ನ ಅವರು ಅಭ್ಯಾಸ ಮಾಡುವ ಗ್ಯಾರೇಜಿಗೆ ಹೋದೆ. ರಾಕ್ ಬ್ಯಾಂಡಿನವರು ತಮ್ಮ ಕಾರ್ಯಕ್ರಮಗಳನ್ನೆಲ್ಲ ರೆಕಾರ್ಡ್ ಮಾಡಿ ಜೋಪಾನವಾಗಿ ಇಟ್ಟಿರುತ್ತಾರೆಂದು ನಂಬಿದ್ದೆ. ನಮ್ಮ ಪ್ರೆಸ್ಸಿನಲ್ಲಿ ಒಂದು ಕರಪತ್ರ ಅಚ್ಚಾದರೂ ಒಂದು ಪ್ರತಿ ಕಪಾಟಿಗೆ ಹೋಗುತ್ತದೆ.

ಹಾಡುಗಾರ ತಲೆ ಕೆರೆದುಕೊಂಡ. "ಎಲ್ಲಾ ಯಾರು ಇಡ್ತಾರೆ ಅಂಕಲ್? ದೊಡ್ಡ ಬ್ಯಾಂಡುಗಳು ಇಡ್ತವೆ ಅಂತಾರೆ. ನಮಗೆ ಹೋಗೋಕೆ ಒಂದು ವ್ಯಾನ್ ಸಿಕ್ಕಿದ್ರೆ ಅದೇ ಪುಣ್ಯ."

ಗಿಟಾರಿನವನನ್ನು ಕೇಳಿದೆ. ಆ ಉದ್ದನೆಯವನು, ಅವರೆಲ್ಲ ಕೊಕ್ಕರೆ ಎಂದು ಕರೆಯುತ್ತಾರಲ್ಲ, ಅವನೇ. "ನಾನು ನುಡಿಸಿದ್ದನ್ನ ನಾನೇ ಎರಡನೇ ಸಲ ಕೇಳಲ್ಲ ಅಂಕಲ್. ಇಟ್ಕೊಂಡು ಏನ್ ಮಾಡ್ಲಿ?"

ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಸೌಂಡಿನವನು ಮಾತ್ರ ನನ್ನ ಕಿವಿಯ ಹತ್ತಿರ ಬಂದು ಜೋರಾಗಿ ವಿವರಿಸಿದ. ಪ್ರತಿ ಕಾರ್ಯಕ್ರಮವನ್ನೂ ಅವನು ರೆಕಾರ್ಡ್ ಮಾಡುತ್ತಾನಂತೆ, ಆದರೆ ಕೂಡಿಡುವುದಕ್ಕಲ್ಲ. ಮರುದಿನ ಹೊಸ ಜಾಗದಲ್ಲಿ, ಬ್ಯಾಂಡಿನವರು ಇನ್ನೂ ಹೊದ್ದು ಮಲಗಿರುವಾಗ, ಹಿಂದಿನ ಸಂಜೆಯದನ್ನು ಸ್ಪೀಕರಿಗೆ ಹಾಕಿ ಅಲ್ಲಿಯ ಸದ್ದು ಹೊಂದಿಸಿಕೊಳ್ಳುತ್ತಾನೆ. ಸಂಜೆ ಅದರ ಮೇಲೆಯೇ ಹೊಸದು ಕೂರುತ್ತದೆ, ಹಳೆಯದು ಅಳಿಸಿಹೋಗುತ್ತದೆ.

"ಹಾಗಾದ್ರೆ ಕೊನೇದು ಇರಬೇಕಲ್ಲಪ್ಪ?" ಎಂದೆ.

ಅವನ ಮುಖ ಸಣ್ಣಗಾಯಿತು. "ಕೊನೇದು ಅವಳದ್ದಲ್ಲ ಅಂಕಲ್. ಅವಳು ಹೋದ್ಮೇಲೆ ಶ್ರದ್ಧಾಂಜಲಿ ಅಂತ ಒಂದು ಮಾಡಿದ್ವಲ್ಲ, ಡ್ರಮ್ ಇಲ್ದೆ? ಅದು ಇದೆ. ಅವಳದರ ಮೇಲೇ ಕೂತಿದೆ."

ಚಪ್ಪಲಿ ಮೆಟ್ಟಿಕೊಂಡು ರಸ್ತೆಗಿಳಿದೆ. ತಿರುವಿನವರೆಗೂ ಹೋಗಿರಲಿಲ್ಲ, ಹಿಂದಿನಿಂದ ಯಾರೋ ತೋಳು ಹಿಡಿದೆಳೆದರು. ಸೌಂಡಿನವನು, ಬರಿಗಾಲಿನಲ್ಲಿ.

"ನಿಲ್ಲಿ ಅಂಕಲ್! ನನ್ನಂಥ ಪೆದ್ದ ಇಲ್ಲ! ಅವತ್ತು ಡ್ರಮ್ಮೇ ಇರ್ಲಿಲ್ವಲ್ಲ!"

ಅವನು ಏನು ಹೇಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಪ್ರೆಸ್ಸಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟು ಇರುವ ಹಾಗೆ, ಅವರಲ್ಲಿ ಒಂದೊಂದು ಮೈಕಿಗೂ ರೆಕಾರ್ಡಾಗುವ ಸಾಲು ಬೇರೆ. ಆ ಸಾಲಿನ ಗುಂಡಿ ಒತ್ತಿದರೆ ಮಾತ್ರ ಅದರಲ್ಲಿ ಹಳೆಯದು ಅಳಿದು ಹೊಸದು ಬರುತ್ತದೆ. ಶ್ರದ್ಧಾಂಜಲಿಯ ದಿನ ಡ್ರಮ್ಮಿಗೆ ಯಾರೂ ಕೂತಿರಲಿಲ್ಲ. ಆ ಗುಂಡಿಗಳನ್ನು ಮುಟ್ಟಲು ಅವನಿಗೆ ಮನಸ್ಸೂ ಬಂದಿರಲಿಲ್ಲ. ಹಾಡು, ಗಿಟಾರು, ಎಲ್ಲರದ್ದೂ ಅಳಿಸಿಹೋಗಿತ್ತು. ನಮ್ಮವಳೊಬ್ಬಳೇ ಉಳಿದಿದ್ದಳು, ಕಣೇ!

ಆಗಲೇ ಕೇಳಿಸು ಎಂದು ಹಟ ಹಿಡಿದೆ. "ಈ ಡಬ್ಬಾ ಸ್ಪೀಕರಲ್ಲಿ ಬೇಡ ಅಂಕಲ್, ಅವಳು ನನ್ನ ಬೈತಾಳೆ" ಎಂದ. ಮರುದಿನ ಬೆಳಿಗ್ಗೆ, ಭಾನುವಾರದ ಕಾರ್ಯಕ್ರಮಕ್ಕೆ ಗೊತ್ತುಮಾಡಿದ್ದ ಸಭಾಂಗಣಕ್ಕೆ ಕರೆದುಕೊಂಡು ಹೋದ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಒಬ್ಬಾಕೆ ನೆಲ ಗುಡಿಸುತ್ತಿದ್ದಳು. ನನ್ನನ್ನು ಆಳೆತ್ತರದ ಸ್ಪೀಕರಿನ ಎದುರಿಗೆ ನಿಲ್ಲಿಸಿ ಅವನು ಒಳಗೆ ಹೋದ.

ಮೊದಲು ಒಂದು ಕೆಮ್ಮು. ಆಮೇಲೆ ಅವಳ ದನಿ: "ಒನ್, ಟೂ, ತ್ರೀ, ಫೋರ್."

ಆಮೇಲೆ ನನ್ನ ಅಂಗಾಲು ನಡುಗಿತು. ಸದ್ದು ನೆಲದಿಂದ ಮೊಣಕಾಲಿಗೆ ಹತ್ತಿತು, ಹೊಟ್ಟೆಗೆ ಬಂತು, ಪಕ್ಕೆಲುಬಿನೊಳಗೆ ನಿಂತು ಬಡಿಯಿತು. ಈ ಕಿವಿಗಳ ಹಂಗೇ ಬೇಕಾಗಲಿಲ್ಲ. ಚಿಕ್ಕಂದಿನಲ್ಲಿ ಅವಳು ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿ ಬಡಿಯುವಾಗ ನೀನು ಚಮಚಗಳನ್ನೆಲ್ಲ ಬಚ್ಚಿಡುತ್ತಿದ್ದೆಯಲ್ಲ, ಅದೇ ಕೈ. ಗುಡಿಸುತ್ತಿದ್ದಾಕೆ ಪೊರಕೆ ಗೋಡೆಗೊರಗಿಸಿ, "ಯಾರಪ್ಪಾ ಇದು, ಹಿಂಗೆ ಬಾರಿಸ್ತಿರೋದು?" ಎಂದು ಕೂಗಿ ಕೇಳಿದಳು. "ನನ್ನ ಮಗಳು" ಎಂದೆ.

ಮಧ್ಯಾಹ್ನ ಬ್ಯಾಂಡಿನವರು ಬಂದರು. ಬರೀ ಡ್ರಮ್ಮು ಕೇಳಿ ಯಾವ ಹಾಡೆಂದು ಅವರಿಗೇ ಜಗಳ.

"ಇದು ಬಸ್ಸಿನ ಹಾಡು ಕಣೋ."

"ನಿನ್ನ ತಲೆ! ಬಸ್ಸು ಇಷ್ಟು ಜೋರಾಗಿ ಹೋಗಲ್ಲ."

ಕೊಕ್ಕರೆ ಗಿಟಾರು ಹಾಕಿಕೊಂಡು ಅವಳ ಜೊತೆ ಶುರು ಮಾಡಿದ, ತಪ್ಪಿದ, ಮತ್ತೆ ಓಡಿ ಹಿಡಿದ. "ಅವತ್ತೂ ಕಾಯ್ಲಿಲ್ಲ, ಇವತ್ತೂ ಕಾಯಲ್ಲ ಇವಳು!" ಎಂದ. ಎಲ್ಲರೂ ನಕ್ಕರು. ಹಾಡುಗಾರ ನಗುತ್ತಲೇ ಗೋಡೆಯ ಕಡೆ ತಿರುಗಿ ನಿಂತ. ಆಮೇಲೆ ಅವನೇ, "ಭಾನುವಾರ ಇವಳೇ ಬಾರಿಸ್ಲಿ. ಬೇರೆಯವರನ್ನ ಕರೆಯೋದು ಬೇಡ" ಎಂದ.

ಹಾಗೆಯೇ ಆಯಿತು. ಭಾನುವಾರ ವೇದಿಕೆಯ ಮೇಲೆ ಡ್ರಮ್ಮುಗಳಿದ್ದವು, ಸ್ಟೂಲು ಖಾಲಿ. ಅವಳು ಎಣಿಸಿದಳು, ಎಲ್ಲರೂ ಅವಳ ಹಿಂದೆ ಹೊರಟರು. ಅವಳು ಓಡಿದಲ್ಲಿ ಓಡಿದರು, ತಡೆದಲ್ಲಿ ತಡೆದರು. ಎರಡನೇ ಹಾಡಿನ ಹೊತ್ತಿಗೆ ಜನಕ್ಕೆ ಗೊತ್ತಾಗಿ ಸಭಾಂಗಣವೇ ಎದ್ದು ನಿಂತಿತು. "ಗುಡುಗು! ಗುಡುಗು!" ಎಂದು ಕೂಗಿದರು. ಅವಳನ್ನು ಅವರು ಹಾಗೆ ಕರೆಯುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ನಾನೂ ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಹುಡುಗಿ ನನ್ನ ಭುಜ ತಟ್ಟಿ, "ಸೂಪರ್ ತಾತ!" ಎಂದಳು.

ಇನ್ನು ಮೇಲೆ ಯಾವ ಕಾರ್ಯಕ್ರಮವನ್ನೂ ಅಳಿಸುವುದಿಲ್ಲವೆಂದು ಸೌಂಡಿನವನು ಆಣೆ ಮಾಡಿದ್ದಾನೆ. ಚಿಕ್ಕವಳದರ ಒಂದು ಪ್ರತಿ ನಿನಗೂ ಕಳಿಸುತ್ತಾನೆ. ದೊಡ್ಡ ಸ್ಪೀಕರಿನಲ್ಲೇ ಹಾಕಿ ಕೇಳು, ನೆರೆಯವರು ಬೈದರೆ ಬೈಯಲಿ. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರ ಮೇಲೂ ಒಳ್ಳೆಯದರ ನೆರಳು ಯಾವಾಗಲೂ ಇರಲಿ.

ನಿನ್ನ
ಅಪ್ಪ

ಪುನಶ್ಚ: ನಿನಗೆ ಬರುವ ಪ್ರತಿಯಲ್ಲಿ ಕೊನೆಯ ಹಾಡಿನ ಮೊದಲು ಒಂದಿಷ್ಟು ಜಾಗ ತೆಗೆಸಿದ್ದೇನೆ. ಬ್ಯಾಂಡಿನವರು ಕೇಳಿದ್ದರಲ್ಲೂ ಅದು ಇರಲಿಲ್ಲ, ಅವರು ಬರುವ ಮೊದಲೇ ಸೌಂಡಿನವನ ಕೈಲಿ ತೆಗೆಸಿದೆ. ಅಲ್ಲಿ ಅವಳು ಏದುಸಿರು ಬಿಡುತ್ತಾಳೆ. "ಸ್ವಲ್ಪ ತಡಿಯೋ, ಯಾಕೋ ಎದೆ ಹಿಡ್ಕೊಂಡಂಗಿದೆ" ಎನ್ನುತ್ತಾಳೆ. "ಜನ ಕಾಯ್ತಿದ್ದಾರೆ ಕಣೇ" ಎನ್ನುತ್ತಾನೆ ಹಾಡುಗಾರ, ಅವಳ ಮೈಕಿನ ಹತ್ತಿರವೇ ನಿಂತು. ಅವಳು ನಕ್ಕು ಎಣಿಸಲು ಶುರು ಮಾಡುತ್ತಾಳೆ. ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಮುಂಚೆ ಯಾವ ಸೂಚನೆಯೂ ಇದ್ದಿರಲಾರದು ಎಂದು ಡಾಕ್ಟರು ಹೇಳಿದ್ದನ್ನೇ ಹಿಡಿದುಕೊಂಡು ಇಷ್ಟು ದಿನ ನಿದ್ದೆ ಮಾಡುತ್ತಿದ್ದೆ. ಆ ಹುಡುಗನಿಗೆ ತಾನು ಹಾಗೆ ಅಂದದ್ದು ನೆನಪಿರುವಂತಿಲ್ಲ. ನಾನು ಅವನಿಗೆ ಹೇಳುವುದಿಲ್ಲ, ನೀನೂ ಹೇಳಬೇಡ. ಅವಳು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿದ್ದರೆ ಏನಾಗುತ್ತಿತ್ತೆಂದು ನಿನಗೆ ಗೊತ್ತಿರುತ್ತದೆ. ಅದನ್ನು ನನಗೆ ಬರೆಯಬೇಡ ಮಗಳೇ.