ಅಂಜೂರ ಮಲಗಿಸಿದ ಸುದ್ದಿ

ನವೆಂಬರ್ ೨೬, ಗುರುವಾರ ಮಧ್ಯಾಹ್ನ

ಪ್ರೀತಿಯ ಸೂಜಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ಉಳಿದದ್ದನ್ನು ಓದಿ ನೀನೇ ತೀರ್ಮಾನ ಮಾಡು.

ನಿನ್ನ ಕಾಗದಗಳಿಗೆ ಉತ್ತರ ಹಾಕಲಿಲ್ಲ ಎಂದು ಕೋಪ ಮಾಡಿಕೊಂಡಿರುತ್ತೀಯ. ಮಾಡಿಕೋ. ಹೊಲಿಗೆ ಅಂಗಡಿಯಲ್ಲಿ ಕೂತು ದುಡಿಯುವವಳಿಗೆ ಕೋಪಕ್ಕಾದರೂ ಪುರುಸೊತ್ತು ಸಿಗುತ್ತದೆ. ನನ್ನ ಬೆರಳುಗಳು ಮಣ್ಣು, ಚಳಿ ಎರಡೂ ಸೇರಿ ಸೀಳುಬಿಟ್ಟಿವೆ, ಪೆನ್ನು ಹಿಡಿದರೆ ಉರಿಯುತ್ತವೆ. ಮೊದಲೇ ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಕೈ ಇದು. ಅಕ್ಷರ ನೋಡಿ ನಗಬೇಡ. ಆ ಅಂಗಡಿಯ ಹೀಟರ್ ಪಕ್ಕ ಬಟ್ಟೆಚೂರು ರಾಶಿ ಹಾಕುತ್ತೀಯೋ ಏನೋ, ಮೊದಲು ಅದನ್ನು ಎತ್ತು. ಬೆಂಕಿ ಹೇಳಿ ಕೇಳಿ ಬರುವುದಿಲ್ಲ. ಕಣ್ಣು ತೋರಿಸಿಕೊಂಡೆಯಾ? ತೋರಿಸಿಕೊಂಡಿಲ್ಲ, ನನಗೆ ಗೊತ್ತು.

ನಿನ್ನ ಭಾವ ಸೇಬು ಕೀಳಲು ಹೋಗಿ ಏಣಿಯಿಂದ ಬಿದ್ದದ್ದು ನಿನಗೆ ಗೊತ್ತೇ ಇದೆ. ತುದಿಯಿಂದ ಬಿದ್ದರು ಎಂದು ಎಲ್ಲರಿಗೂ ಹೇಳಿಸಿದ್ದಾರೆ. ಬಿದ್ದದ್ದು ಕೆಳಗಿನ ಮೆಟ್ಟಿಲಿನಿಂದ. ಇಳಿದಾಯಿತು ಎಂದುಕೊಂಡು ಕಾಲು ಬಿಟ್ಟರು, ನೆಲ ಇನ್ನೂ ಒಂದು ಗೇಣು ದೂರ ಇತ್ತು. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು. ಮಂಚವನ್ನು ಅಡುಗೆಮನೆ ಕಿಟಕಿಗೆ ಎಳೆಸಿಕೊಂಡು ತೋಟದ ಮೇಲೆ ಕಣ್ಣಿಟ್ಟು ಮಲಗಿದ್ದಾರೆ. ಅಲ್ಲಿಂದಲೇ ಬಾಯಲ್ಲಿ ಬೇಸಾಯ.

ನೀನು ಬೇಸಿಗೆಯಲ್ಲಿ ಮಾತ್ರ ಬಂದವಳು, ಅಂಜೂರ ತಿಂದು, ಬುಟ್ಟಿ ತುಂಬಿಸಿಕೊಂಡು ಹೋದವಳು. ಆ ಮರ ಇಲ್ಲಿಯ ಚಳಿ ತಡೆಯುವ ಜಾತಿಯದಲ್ಲ ಎಂಬುದು ನಿನಗೆ ಗೊತ್ತಿಲ್ಲ. ನೆಲ ಕಲ್ಲಾಗುವ ಮುಂಚೆ ಅದನ್ನು ಮಲಗಿಸಬೇಕು. ಹೌದು, ಮಗುವನ್ನು ಮಲಗಿಸುವ ಹಾಗೆಯೇ. ಎಲೆ ಉದುರಿದ ಮೇಲೆ ಕೊಂಬೆಗಳನ್ನು ಹಳೆ ಬಟ್ಟೆಯಿಂದ ಪೊರಕೆಯ ಹಾಗೆ ಕಟ್ಟಬೇಕು. ಗೋಡೆಯ ಕಡೆಗೆ ಉದ್ದ ಗುಂಡಿ ತೋಡಬೇಕು. ಆಚೆ ಕಡೆಯ ಬೇರುಗಳನ್ನು ಸಲಿಕೆಯಿಂದ ಕಡಿದು, ಗೋಡೆ ಕಡೆಯ ಬೇರುಗಳನ್ನು ಮುಟ್ಟದೆ, ಹಗ್ಗ ಹಾಕಿ ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು. ಉಳಿಸಿದ ಬೇರೇ ಬಾಗಿಲಿನ ಕೀಲು, ಅದರ ಮೇಲೆ ಮರ ತಿರುಗಿ ಮಲಗುತ್ತದೆ. ಮೇಲೆ ಒಣ ಎಲೆ, ಗೋಣಿಚೀಲ, ಹಲಗೆ, ಮಣ್ಣು. ವಸಂತದಲ್ಲಿ ಎಬ್ಬಿಸಿದರೆ ಏನೂ ಆಗದವರ ಹಾಗೆ ಎದ್ದು ಚಿಗುರುತ್ತದೆ. ಈ ಜಾಗ ಕೊಂಡಾಗಲೇ ಮರ ಇತ್ತು. ಹಿಂದಿನ ಮಾಲೀಕ ಇವರಿಗೆ ಕೆಲಸ ತೋರಿಸಿಕೊಟ್ಟು ಹೋದ. ಅಂದಿನಿಂದ ಕಡಿಯುವುದು ಇವರು, ಹಗ್ಗ ಹಿಡಿಯುವುದು ನಾನು. ಹಗ್ಗ ಹಿಡಿದವಳಿಗೆ ಕಣ್ಣಿರುವುದಿಲ್ಲವೇ?

ಅದಕ್ಕೇ ಈ ಸಲ ಸಲಿಕೆ ನನ್ನ ಕೈಗೆ ಬರುತ್ತದೆ ಎಂದುಕೊಂಡಿದ್ದೆ ಸೂಜಿ. ಹಗ್ಗಕ್ಕೆ ಯಾರಾದರೂ ಸಿಗುತ್ತಾರೆ, ದಾರಿಹೋಕನಾದರೂ ಆದೀತು. ಇವರಿಗೆ ಟೀ ಕೊಡುವಾಗ ಹೇಳಿಯೂ ಹೇಳಿದೆ. "ನೋಡೋಣ," ಅಂದರು. ನೋಡಿದ್ದು ಏನೆಂದರೆ, ಪಟ್ಟಣದಲ್ಲಿರುವ ತಮ್ಮನಿಗೆ ಫೋನು ಮಾಡಿ ಕರೆಸಿಕೊಂಡರು.

ನನ್ನ ಮೈದುನನನ್ನು ನೀನು ಒಮ್ಮೆ ನೋಡಿದ್ದೀಯ, ಮೀಸೆಗೆ ಬಾಚಣಿಗೆ ಇಟ್ಟುಕೊಂಡವನು. ಚಪ್ಪಲಿ ಅಂಗಡಿಯಲ್ಲಿ ಕೆಲಸ. ಬಗ್ಗಿ ಬೇರೆಯವರ ಕಾಲಿಗೆ ಚಪ್ಪಲಿ ತೊಡಿಸುವುದರ ಹೊರತು ಬೆನ್ನು ಬಗ್ಗಿಸಿದವನಲ್ಲ. ಹೊಚ್ಚಹೊಸ ಚರ್ಮದ ಕೈಗವಸು ಹಾಕಿಕೊಂಡು ಬಸ್ಸಿನಿಂದ ಇಳಿದ. ಬೆಳಿಗ್ಗೆ ಎದ್ದು ಬಾಯಿ ಬಿಟ್ಟರೆ ಮೊದಲ ಮಾತು, "ಅತ್ತಿಗೆ, ಬಿಸಿನೀರು?" ನಾನು ಅವನಿಗೆ ಬಿಸಿನೀರು ಎಂದೇ ಹೆಸರಿಟ್ಟಿದ್ದೇನೆ. ಮನಸ್ಸಿನಲ್ಲಿ. ನಿನಗೆ ಮಾತ್ರ ಹೇಳುತ್ತಿದ್ದೇನೆ, ನೀನು ಯಾರ ಹತ್ತಿರವಾದರೂ ಬಾಯಿಬಿಟ್ಟು ಅದು ಇವರ ಕಿವಿಗೆ ಬಿದ್ದರೆ ನನ್ನ ಗತಿ ಅಷ್ಟೆ.

ಬಿಸಿನೀರಿನ ಸಾಹಸ ಕೇಳು. ಚಳಿಗಾಲಕ್ಕೆ ಕ್ಯಾರೆಟ್ಟನ್ನು ಮಣ್ಣು ಸಮೇತ ಮರಳಿನಲ್ಲಿ ಹೂತಿಡುತ್ತೇವೆ, ಇವನು ಎಲ್ಲವನ್ನೂ ಉಜ್ಜಿ ತೊಳೆದು ಹೂತ, ಹೆಣ್ಣು ನೋಡಲು ಬರುವವರ ಮುಂದೆ ಕೂರಿಸುವ ಹಾಗೆ. ತೊಳೆದ ಕ್ಯಾರೆಟ್ ಕೊಳೆಯದೆ ಇನ್ನೇನು ಮಾಡೀತು? ಕೋಳಿಗೂಡಿನ ಕಿಂಡಿಗಳಿಗೆಲ್ಲ ಪ್ಲಾಸ್ಟಿಕ್ ತುರುಕಿದ. "ಕೋಳಿಗಳಿಗೂ ಬೆಚ್ಚಗಿರ್ಲಿ ಅತ್ತಿಗೆ, ಅವೂ ಹೆಣ್ಣುಮಕ್ಕಳೇ ಅಲ್ವಾ," ಎಂದು ನಕ್ಕ. ಬೆಳಿಗ್ಗೆ ನೋಡಿದರೆ ಕೋಳಿಗಳ ಉಸಿರೇ ನೀರಾಗಿ ಗೋಡೆಯಿಂದ ಇಳಿಯುತ್ತಿದೆ. ಒದ್ದೆಯಲ್ಲಿ ಕೂತ ಕೋಳಿಗೆ ಹಿಮಗಾಳಿ ಬಡಿದರೆ ಜುಟ್ಟು ಕಪ್ಪಾಗಿ ಉದುರುತ್ತದೆ. ಕೋಲಿನಿಂದ ಚುಚ್ಚಿ ಮೇಲಿನ ಕಿಂಡಿ ಬಿಡಿಸಿದೆ. ಅದಕ್ಕೆ ಅವನು ಮುಖ ಊದಿಸಿಕೊಂಡು ಅಣ್ಣನ ಮಂಚದ ಪಕ್ಕ ಹೋಗಿ ಕೂತ. ಸಮಾಧಾನಕ್ಕೆ ನಾನೇ ಮೊಟ್ಟೆ ಬೇಯಿಸಿ ಕೊಟ್ಟೆ. ಕೈ ಕೆಸರು ನನ್ನದು, ಬಾಯಿ ಮೊಸರು ಅವನದು.

ನನ್ನ ಮಾತಿಗೆ ಇಲ್ಲಿ ಬೆಲೆ ಇಲ್ಲ ಎಂದು ಅಳುತ್ತಿಲ್ಲ. ಯಾಕಿಲ್ಲ ಎಂಬುದೂ ನನಗೆ ಗೊತ್ತು. ಬೇಸಿಗೆ ಮುಗಿಯುವ ಮುಂಚೆಯೇ "ಇವತ್ತು ಹಿಮ ಬೀಳುತ್ತೆ ರೀ" ಎಂದು ಶುರು ಮಾಡುವವಳು ನಾನು. ಬೆಳ್ಳುಳ್ಳಿ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಕಿತ್ತು ನೋಡಿ ಮತ್ತೆ ನೆಡುವವಳು. ಹೋದ ವರ್ಷ ಪಾಲಕ್ ಸೊಪ್ಪಿನ ಮಡಿಗೆ ಇದ್ದಬದ್ದ ಕಂಬಳಿ ಹೊದಿಸಿ ಸೊಪ್ಪೆಲ್ಲ ಕೊಳೆಯಿತು. ಅದನ್ನು ಇವರು ಅಂಚೆಯವನಿಗೂ ಹೇಳಿ ನಗಿಸಿದ್ದಾರೆ. ಆದರೆ ಒಂದು ಮಾತು ಕೇಳುತ್ತೇನೆ. ನೂರು ಸಲ ಸುಮ್ಮನೆ ಹೆದರಿದವಳು ನೂರೊಂದನೇ ಸಲವೂ ಸುಮ್ಮನೆ ಹೆದರಿದ್ದಾಳೆ ಎಂದು ಎಲ್ಲಾದರೂ ಕಾನೂನು ಇದೆಯೇ?

ಹೋದ ಶನಿವಾರ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಅವತ್ತೇ ಮಲಗಿಸಬೇಕು ಎಂದು ಇವರೂ ಒಪ್ಪಿದರು, ಯಾಕೆಂದರೆ ರೇಡಿಯೋದವನು ಹೇಳಿದ್ದ. ನಾನು ವಾರದಿಂದ ಹೇಳುತ್ತಿದ್ದೆ, ನಾನು ರೇಡಿಯೋ ಅಲ್ಲವಲ್ಲ. ಗುಂಡಿ ತೋಡಿದ್ದು ನಾನು. ಬಿಸಿನೀರು ಕೈಗವಸು ಏರಿಸಿಕೊಂಡು ಸಲಿಕೆ ತೆಗೆದುಕೊಂಡು ಗುಂಡಿಯ ಕಡೆಗೇ ಬಂದು ನಿಂತ.

"ಈ ಕಡೆ ಅಲ್ಲ. ಆಚೆ ಕಡೆ ಕಡೀಬೇಕು," ಅಂದೆ.

"ಅತ್ತಿಗೆ, ಮರ ಕಡಿಯೋರನ್ನ ನೋಡಿಲ್ವಾ ನೀವು? ಬೀಳಬೇಕಾದ ಕಡೆಗೇ ಮೊದಲು ಏಟು ಹಾಕ್ತಾರೆ. ಆಮೇಲೆ ಅದೇ ಬೀಳುತ್ತೆ."

"ಅದು ಮರ ಕೊಲ್ಲೋ ರೀತಿ ಮಾರಾಯ. ಇದು ಮಲಗಿಸೋದು."

"ಎರಡರಲ್ಲೂ ನೆಲಕ್ಕೇ ಅಲ್ವಾ ಬರೋದು?" ಎಂದು ತನ್ನ ಮಾತಿಗೆ ತಾನೇ ನಕ್ಕ. ಮೂರ್ಖನಿಗೆ ತಮಾಷೆಯೂ ಬಂದುಬಿಟ್ಟರೆ ಎದುರಿಗಿದ್ದವರ ಕಥೆ ಮುಗಿಯಿತು.

ನಾನು ಕಿಟಕಿಯ ಹತ್ತಿರ ಓಡಿದೆ. "ನೋಡಿ, ಗೋಡೆ ಕಡೆ ಬೇರಿಗೆ ಸಲಿಕೆ ಇಡ್ತಿದ್ದಾನೆ. ನೀವಾದ್ರೂ ಹೇಳಿ."

ಇವರು ಕತ್ತು ಎತ್ತಿ ನೋಡಿದರು. ಮಲಗಿದಲ್ಲಿಂದ ಬುಡ ಕಾಣುವುದಿಲ್ಲ, ನನ್ನ ತಲೆ ಮತ್ತು ಅವನ ಟೋಪಿ ಮಾತ್ರ ಕಾಣುತ್ತದೆ. ಇಷ್ಟು ವರ್ಷ ತಾವೇ ಕಡಿದವರು, ಒಂದು ಮಾತು "ಯಾವ ಕಡೆ ನಿಂತಿದ್ದೀಯೋ?" ಎಂದು ತಮ್ಮನನ್ನು ಕೇಳಬಹುದಿತ್ತು. ಕೇಳಲಿಲ್ಲ. "ಶುರು ಆಯ್ತಾ ನಿಂದು? ಬೆಳ್ಳುಳ್ಳಿ ಸತ್ತೋಯ್ತು ಅಂದೆ, ಸತ್ತಿತ್ತಾ? ಕೊಳವೆ ಒಡೆಯುತ್ತೆ ಅಂದೆ, ಒಡೀತಾ? ಅವನು ಹೇಳಿದ ಹಾಗೆ ಹಗ್ಗ ಹಿಡ್ಕೋ ಹೋಗು. ಕತ್ತಲಾಗೋದ್ರೊಳಗೆ ಮುಗೀಲಿ."

ಮತ್ತೆ ಹೋಗಿ ಅವನ ಸಲಿಕೆಯ ಹಿಡಿಯನ್ನೇ ಹಿಡಿದುಕೊಂಡೆ. "ಬಿಡಿ ಅತ್ತಿಗೆ, ಅಣ್ಣಂಗೆ ಬೇಜಾರಾಗುತ್ತೆ," ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮೆತ್ತಗೆಯೇ ಬಿಡಿಸಿದ, ಗಿರಾಕಿಯ ಕಾಲಿನಿಂದ ಸರಿಹೋಗದ ಚಪ್ಪಲಿ ತೆಗೆಯುವ ಹಾಗೆ. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಕಡಿದ. ಕೀಲಾಗಬೇಕಾದ ಬೇರುಗಳನ್ನು ಕಚಕಚ ಕಡಿದು, ಆಚೆ ಕಡೆಯ ಬೇರುಗಳನ್ನು ಹಾಗೇ ಬಿಟ್ಟು, "ಎಳೀರಿ" ಅಂದ. ನಾನು ಎಳೆಯಲಿಲ್ಲ, ಹಗ್ಗ ಹಿಡಿದು ನಿಂತೆ ಅಷ್ಟೆ. ಅವನೇ ಬಂದು ನನ್ನ ಹಿಂದೆ ನಿಂತು ಹಗ್ಗಕ್ಕೆ ತನ್ನ ಭಾರವನ್ನೆಲ್ಲ ಹಾಕಿದ. ಆಚೆ ಬೇರು ಬಿಡಲೊಲ್ಲದು, ಈಚೆ ಮರಕ್ಕೆ ಆಸರೆಯೇ ಇಲ್ಲ. ಬುಡದಿಂದ ಮೊಣಕಾಲೆತ್ತರಕ್ಕೆ ಲಟ್ಟೆಂದು ಸೀಳಿತು. ಸೀಳಿನಿಂದ ಹಾಲು ಇಳಿಯುತ್ತಿತ್ತು. ಚಳಿಗೆ ಅದು ಅಲ್ಲಲ್ಲೇ ಗಟ್ಟಿಯಾಯಿತು.

ಬಿಸಿನೀರು ಬಗ್ಗಿ ನೋಡಿ, ವೈದ್ಯನ ಹಾಗೆ ತಲೆಯಾಡಿಸಿ, "ಒಳಗೇ ಹುಳ ತಿಂದಿತ್ತು ಬಿಡಿ. ಇವತ್ತಲ್ಲ ನಾಳೆ ಹೋಗೋದೇ," ಅಂದ. ಒಂದು ಹುಳ ಇರಲಿಲ್ಲ. ಬಿಳಿ ಮರ, ಮಗುವಿನ ಹಲ್ಲಿನ ಹಾಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವಳಿಗಾದರೂ ಸ್ವಲ್ಪ ನಾಚಿಕೆ ಇದ್ದೀತು.

ಒಳಗೆ ಹೋಗಿ ಹೇಳಿದೆ. ಇವರು ಪ್ಲಾಸ್ಟರ್ ಕೆರೆದುಕೊಂಡರು. ನಾನು ಕೂಗಾಟಕ್ಕೆ ತಯಾರಾಗಿದ್ದೆ. ತಮ್ಮನನ್ನು ಕರೆದು ಏನು ಕೇಳಿದರು ಗೊತ್ತೇ? "ನಿಂಗೇನೂ ಪೆಟ್ಟಾಗಿಲ್ವಲ್ಲ?" ಆಮೇಲೆ ನನ್ನ ಕಡೆ ತಿರುಗಿ, "ನೀನು ಹಗ್ಗ ಜಗ್ಗಿಬಿಟ್ಟಿರ್ಬೇಕು. ಯಾವಾಗ್ಲೂ ಗಾಬರಿ ನಿಂಗೆ," ಅಂದರು. ಬಿಸಿನೀರು ಅಲ್ಲೇ ನಿಂತಿದ್ದ. ಕೈಗವಸಿಗೆ ಅಂಟಿದ ಹಾಲನ್ನು ನಮ್ಮ ಪರದೆಗೆ ಒರೆಸುತ್ತಿದ್ದ.

ಮರುದಿನದ ಬಸ್ಸಿಗೆ ಹೊರಟ. ಅಂಗಡಿಯಲ್ಲಿ ಅವನಿಲ್ಲದೆ ನಡೆಯುವುದಿಲ್ಲವಂತೆ. ಅಂಜೂರದ ಜಾಮಿನ ಬಾಟಲಿಗಳನ್ನು ಇವರು ನನ್ನಿಂದಲೇ ಕಟ್ಟಿಸಿ ಕಳುಹಿಸಿದರು. ಕಟ್ಟಿದೆ. ಮುಚ್ಚಳ ಸರಿಯಾಗಿ ಬಿಗಿಯಲಿಲ್ಲ, ದಾರಿಯಲ್ಲಿ ಅವನ ಅಂಗಿಗಳ ಮೇಲೆ ಸುರಿದಿದ್ದರೆ ದೇವರು ಇದ್ದಾನೆ.

ಆಮೇಲೆ ನಾನೊಬ್ಬಳೇ. ಸೀಳಿದ ಬುಡಕ್ಕೆ ಹಳೆ ಸೈಕಲ್ ಟ್ಯೂಬು ಸುತ್ತಿ ಬಿಗಿದೆ. ಆಚೆ ಕಡೆಯ ಬೇರುಗಳೇ ಈಗ ಉಳಿದ ಜೀವ. ಗೋಡೆ ಕಡೆ ಮಲಗಿಸುವುದು ಸಾಧ್ಯವಿಲ್ಲ, ಅದಕ್ಕೆ ಆ ಕಡೆಗೇ ಹೊಸ ಗುಂಡಿ ತೋಡಿ, ಹಗ್ಗವನ್ನು ಬೇಲಿಕಂಬಕ್ಕೆ ಸುತ್ತಿ, ಒಂದಿಷ್ಟು ಎಳೆಯುವುದು, ಹೋಗಿ ಬುಡ ನೋಡುವುದು, ಮತ್ತೆ ಒಂದಿಷ್ಟು ಎಳೆಯುವುದು. ಮರದ ಜೊತೆ ಮಾತಾಡಿದೆ ಎಂದರೆ ನಗುತ್ತೀಯ, ಮಾತಾಡಲಿಲ್ಲ, ಬೈದೆ. ಕತ್ತಲಾಗುವ ಮುಂಚೆ ಮಲಗಿತು. ಕೆಲವು ಕಡ್ಡಿಗಳನ್ನು ಕತ್ತರಿಸಿ ನೆಲಮಾಳಿಗೆಯಲ್ಲಿ ಒದ್ದೆ ಮರಳಿಗೆ ಚುಚ್ಚಿಟ್ಟಿದ್ದೇನೆ. ಅವು ಬೇರು ಬಿಟ್ಟಾವೋ, ಮರ ಎದ್ದೀತೋ, ವಸಂತದವರೆಗೆ ಗೊತ್ತಾಗುವುದಿಲ್ಲ. ಈ ಸಲ ಕಿತ್ತು ನೋಡುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದೇನೆ. ದಿನಾ ಆಣೆ ಹಾಕಿಕೊಳ್ಳಬೇಕಾಗಿದೆ.

ಪಂಪಿನ ನೀರು ಖಾಲಿ ಮಾಡಿದೆ, ಕೊಳವೆ ಸುತ್ತಿ ಕೊಟ್ಟಿಗೆಯಲ್ಲಿಟ್ಟೆ, ಗುಲಾಬಿ ಬುಡಗಳಿಗೆ ಮಣ್ಣು ಏರಿಸಿದೆ, ಕೊಳೆಯುವ ಮುಂಚೆ ಕ್ಯಾರೆಟ್ ಎಲ್ಲ ಹೊರಗೆ ತೆಗೆದು ದಿನಾ ಅದನ್ನೇ ಬೇಯಿಸಿ ಹಾಕುತ್ತಿದ್ದೇನೆ. "ಮತ್ತೆ ಕ್ಯಾರೆಟ್ಟಾ?" ಎಂದು ಇವರು ಮುಖ ಹಿಂಡಿದರೆ, "ನಿಮ್ಮ ತಮ್ಮ ತೊಳೆದಿಟ್ಟು ಹೋದದ್ದು, ಪ್ರೀತಿಯಿಂದ ತಿನ್ನಿ," ಅನ್ನುತ್ತೇನೆ. ತಿನ್ನುತ್ತಾರೆ. ನಿನ್ನೆ ಹಿಮ ಬಿತ್ತು. ತೋಟವೆಲ್ಲ ಒಂದೇ ಬಣ್ಣ, ಯಾರು ಏನು ಹಾಳು ಮಾಡಿದರು ಎಂದು ಈಗ ಯಾರಿಗೂ ಕಾಣುವುದಿಲ್ಲ.

ನೀನು ಕಿವಿಗೆ ಬಟ್ಟೆ ಕಟ್ಟಿಕೊಂಡು ಓಡಾಡು. ಕಣ್ಣು ತೋರಿಸಿಕೋ. ದುಡಿಯುವ ಕೈ ಎಂದೂ ಸೋಲದಿರಲಿ, ನಿನ್ನ ದಾರ ಎಂದೂ ತುಂಡಾಗದಿರಲಿ, ನಿನ್ನ ಮಾತು ಕೇಳುವವರು ನಿನ್ನ ಸುತ್ತ ಇರಲಿ. ದೊಡ್ಡವಳಾಗಿ ಇಷ್ಟು ಹರಸುತ್ತೇನೆ.

ನಿನ್ನ
ಅಕ್ಕ

ಮರೆತಿದ್ದೆ. ಮರೆತಿರಲಿಲ್ಲ, ಬರೆಯುವುದೋ ಬೇಡವೋ ಎಂದು ನೋಡುತ್ತಿದ್ದೆ. ಇವತ್ತು ಬೆಳಿಗ್ಗೆ ನರ್ಸಮ್ಮ ಬಂದು ಇವರ ಪ್ಲಾಸ್ಟರ್ ತೆಗೆದಳು. ಕತ್ತರಿಸುವಾಗ ಅಲುಗದ ಹಾಗೆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾನು ಮಂಚದ ಕೊನೆಯಲ್ಲಿ ಕೂತಿದ್ದೆ. ಅವಳು ಕಿಟಕಿಯಿಂದ ತೋಟದ ಹಿಮ ಹೊದ್ದ ಮಣ್ಣುಗುಡ್ಡೆಗಳನ್ನು ನೋಡಿ, "ಪರವಾಗಿಲ್ವೇ, ನೀವು ಮಲಗಿದ್ರೂ ಚಳಿಗಾಲದ ಕೆಲಸ ಎಲ್ಲಾ ಮುಗಿದಿದೆ. ಯಾರು ಮಾಡಿದ್ದು?" ಎಂದು ಕೇಳಿದಳು. ಇವರು, "ನನ್ನ ತಮ್ಮ ಬಂದು ಮಾಡ್ಕೊಟ್ಟು ಹೋದ. ಇಲ್ದಿದ್ರೆ ಈ ಮನೇಲಿ ಇನ್ಯಾರಿದ್ದಾರೆ?" ಅಂದರು. ಅವಮಾನ ಮಾಡಬೇಕೆಂದು ಅಂದದ್ದಲ್ಲ ಸೂಜಿ, ಸುಮ್ಮನೆ ಅಂದರು, ಗಂಟೆ ಎಷ್ಟೆಂದು ಹೇಳುವ ಹಾಗೆ. ನಾನು ಕಾಲು ಬಿಡಲಿಲ್ಲ. ಬಿಟ್ಟಿದ್ದರೆ ಅವರಿಗೆ ನೋಯುತ್ತಿತ್ತು.