ಪೆಂಡೆಂಟ್ ಸುಟ್ಟ ಸಂಜೆ

ಜನವರಿ 9, ಶುಕ್ರವಾರ. ಹುಬ್ಬತಲೈ.

ತಂಗಿ ಭುವನಾಳಿಗೆಂದು ಪಾಲಿಮರ್ ಕ್ಲೇಯಲ್ಲಿ ಟೀ ಚಿಗುರಿನ ಪೆಂಡೆಂಟ್ ಮಾಡಿ, ಗಟ್ಟಿಯಾಗಲೆಂದು ಸಂಜೆ ಓವನ್ನಿಗಿಟ್ಟೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ನಿನ್ನೆ ಪಕ್ಕದ ಮನೆಯ ಬಾಗಿಲು ಮುರಿದು ಅಡುಗೆ ಎಣ್ಣೆ ಕುಡಿದುಹೋದ ಕರಡಿ ಮತ್ತೆ ಬಂದೀತೆಂದು ಕಿಟಕಿಗಳನ್ನೆಲ್ಲ ಭದ್ರ ಮಾಡಿದ್ದೆ. ಹೊರಗಿನ ಸದ್ದಿಗೇ ಕಿವಿಗೊಟ್ಟು ಕೂತವಳು ಓವನ್ ಮರೆತೇಬಿಟ್ಟೆ!

ಪೆಂಡೆಂಟ್ ಕರಕಲಾಯಿತು. ಮನೆ ತುಂಬ ಘಾಟು ಹೊಗೆ. ಮೊದಲೇ ಉಬ್ಬಸದ ಅತ್ತೆ ಉಸಿರು ಸಿಗದೆ ಒದ್ದಾಡಿದರು. ಆದರೂ, "ಕಿಟಕಿ ತೆಗೀಬೇಡ ಕೂಸೇ, ಕರಡಿ ಬರುತ್ತೆ" ಅಂದರು.

"ಬಂದ್ರೆ ಬರಲಿ ಮಾಮಿ" ಎಂದು ಅತ್ತೆಗೆ ಹೇಳಿ ಅಡುಗೆಮನೆಯ ಕಿಟಕಿ ತಳ್ಳಿದೆ.

ಈಗ ಅತ್ತೆಗೆ ನಿದ್ದೆ ಹತ್ತಿದೆ. ಹೊಗೆ ಹೋಗಿದೆ. ಕಿಟಕಿ ಮಾತ್ರ ತೆರೆದೇ ಇದೆ. ಅದರ ಬಾಗಿಲು ಹೊರಗಡೆಗೆ ತೆರೆಯುವಂಥದ್ದು. ಎಳೆದು ಮುಚ್ಚಬೇಕಾದರೆ ಭುಜದವರೆಗೂ ಕೈಯನ್ನು ಕತ್ತಲೆಗೆ ಚಾಚಬೇಕು.